ತೆಂಗಿನ ಸೀಮೆಯಲ್ಲಿ ಉರುವಲಿನ ಮಿತವ್ಯಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಉರುವಲಿಗೆ ಅಭಾವವುಂಟೆಂದು ರೈತರಾರೂ ಭಾವಿಸುವುದಿಲ್ಲ. ಹಾಲ್ಕುರಿಕೆಯಂಥ ಗ್ರಾಮದಲ್ಲಿ ಮಟ್ಟೆ, ಚಿಪ್ಪು, ಗರಿ, ಹೊಂಬಾಳೆಗಳು ತೋಟದಿಂದಲೇ ಒದಗುತ್ತವೆ. ಕ್ರಯ ಕೊಟ್ಟು ತರಬೇಕಾಗಿಲ್ಲದ ಪದಾರ್ಥದಲ್ಲಿ ಮಿತವ್ಯಯವೇಕೆಂಬ ಪ್ರಶ್ನೆಯು ಸಹಜವೇ ಸರಿ. ಆದರೆ ಈ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಒಲೆಗೆ ಹೋದ ಮಟ್ಟೆಯು ಮರದ ಬುಡಕ್ಕೆ ಸಲ್ಲಬೇಕಾದುದು. ತೋಟದಲ್ಲಿ ಹೂಳಿದ ಮಟ್ಟೆಯು ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಬೇರಿಗೆ ತೇವವನ್ನೂ, ಕೊಳೆತ ಮೇಲೆ ಪೊಟ್ಯಾಷ್ ಸಾರವನ್ನೂ ಒದಗಿಸುವುದು. ಕೊಳವೆಬಾವಿಯನ್ನೇ ನಂಬಿರುವ ತೋಟಗಳಿಗೆ ಇದು ಅಲ್ಪ ಲಾಭವಲ್ಲ.

ಈ ವಿಷಯದಲ್ಲಿ ದಾರಿ ತೋರಿದ ಸಂಶೋಧನೆಯು ನೆರೆಯಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ಕುಮಾರ ಎನ್. ರೆಡ್ಡಿಯವರ ನೇತೃತ್ವದಲ್ಲಿ, ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಕೇಂದ್ರವು ಸ್ಥಾಪಿತವಾಯಿತು. ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದು ತನ್ನ ಶಾಖೆಯನ್ನು ತೆರೆಯಿತು. ಬೆಂಕಿಯನ್ನು ಸುತ್ತಲೂ ಮುಚ್ಚಿ, ಜಾಲರಿಯಿಂದ ಗಾಳಿಯಾಡಿಸಿ, ಒಂದೇ ಉರಿಯನ್ನು ಮೂರು ಪಾತ್ರೆಗಳಿಗೆ ಹಾಯಿಸಿ, ಹೊಗೆಯನ್ನು ಕೊಳವೆಯಿಂದ ಹೊರದೂಡುವ ‘ಅಸ್ತ್ರ ಒಲೆ’ಯು ಈ ಕೇಂದ್ರದ ಕೊಡುಗೆ. ರೆಡ್ಡಿಯವರು ೧೯೯೧ರಲ್ಲಿ ಇಂಟರ್‌ನ್ಯಾಷನಲ್ ಎನರ್ಜಿ ಇನಿಷಿಯೇಟಿವ್ ಎಂಬ ಸ್ವತಂತ್ರ ಸಂಸ್ಥೆಯನ್ನೂ ಸ್ಥಾಪಿಸಿದರು. ಅವರು ಪ್ರತಿಪಾದಿಸಿದ ತತ್ತ್ವವು ಸರಳವಾದುದು: ಜನರಿಗೆ ಬೇಕಾದುದು ಬೆಂದ ಅನ್ನ, ಕಾದ ನೀರು, ಮನೆಯಲ್ಲಿ ಬೆಳಕು, ಇವನ್ನು ಕಡಮೆ ಇಂಧನದಿಂದ ಪಡೆಯುವುದು ಹೊಸ ಇಂಧನವನ್ನು ಉತ್ಪಾದಿಸಿದುದಕ್ಕೆ ಸಮ.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ‘ಅಸ್ತ್ರ’ದವರು ೧೯೮೭ರಿಂದ ಸಗಣಿಯ ಅನಿಲದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಮನೆಗಳಿಗೆ ದೀಪವನ್ನೂ, ಕೊಳಾಯಿಯ ನೀರನ್ನೂ ಒದಗಿಸಿದರು. ಸಗಣಿಯನ್ನು ತಂದವರಿಗೆ ಅದರ ಬಗ್ಗಡವು ಗೊಬ್ಬರವಾಗಿ ಹಿಂದಿರುಗುತ್ತಿದ್ದಿತು. ಶಕ್ತಿಯೂ ದೊರೆಯಿತು, ಹೊಲದ ಪಾಲೂ ಉಳಿಯಿತು. ತೆಂಗಿನ ಸೀಮೆಯವರು ಮುಖ್ಯವಾಗಿ ಗಮನಿಸತಕ್ಕದ್ದು ಇದನ್ನೇ.

ಅಡುಗೆಮನೆಗೆ ಅನಿಲದ ಸಿಲಿಂಡರು ಬಂದಿರುವಾಗ ಒಲೆಯ ಮಾತೇಕೆ ಎನ್ನುವವರುಂಟು. ಆದರೆ ಅನೇಕ ಮನೆಗಳಲ್ಲಿ ಬಚ್ಚಲಿನ ಹಂಡೆಯ ಕೆಳಗೆ ಇಂದಿಗೂ ಮಟ್ಟೆಯೇ ಉರಿಯುತ್ತಿದೆ. ಅದರ ಹೊಗೆಯನ್ನು ನಿತ್ಯವೂ ಕುಡಿಯುವವರು ಮನೆಯ ಹೆಂಗಸರು. ಆದುದರಿಂದ ಸುಧಾರಣೆಯು ನೀರೊಲೆಯಿಂದ ಆರಂಭವಾಗುವುದು ಯುಕ್ತ.

ಇಲ್ಲಿ ಹಿಂದಿನ ಅನುಭವವನ್ನು ಮರೆಯಲಾಗದು. ೧೯೮೩ರ ಸುಮಾರಿಗೆ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆಗಳ ಯೋಜನೆಯು ೨೦೦೨ರಲ್ಲಿ ಮುಕ್ತಾಯವಾಯಿತು. ಆ ಕಾಲದಲ್ಲಿ ಕಟ್ಟಿದ ಎಷ್ಟೋ ಒಲೆಗಳು ದುರಸ್ತಿಯಿಲ್ಲದೆ ಮೂಲೆಗುಂಪಾದವು. ಅಳತೆ ತಪ್ಪಿದರೆ, ಕೊಳವೆಯಲ್ಲಿ ಮಸಿ ಕಟ್ಟಿದರೆ, ಉತ್ತಮ ಒಲೆಯೂ ಮನೆಯೊಳಗೇ ಹೊಗೆಯನ್ನು ಕಕ್ಕುವುದು. ಹಾಲ್ಕುರಿಕೆಯಂಥ ಒಂದೊಂದು ಗ್ರಾಮದಲ್ಲಿಯೂ ಒಬ್ಬ ಗಾರೆ ಕೆಲಸದವನಿಗೆ ಅಳತೆಯನ್ನು ಚೆನ್ನಾಗಿ ಕಲಿಸಿ, ವರ್ಷಕ್ಕೊಮ್ಮೆ ಒಲೆಗಳನ್ನು ಪರೀಕ್ಷಿಸುವ ಏರ್ಪಾಡನ್ನು ಮಾಡುವುದು ಅತ್ಯಾವಶ್ಯಕ. ಕಟ್ಟಿದ ಒಲೆಗಳೆಷ್ಟು ಎಂಬುದಕ್ಕಿಂತ ಮೂರು ವರ್ಷಗಳ ತರುವಾಯ ಉರಿಯುತ್ತಿರುವ ಒಲೆಗಳೆಷ್ಟು ಎಂಬ ಲೆಕ್ಕವೇ ಯೋಜನೆಯ ನಿಜವಾದ ಫಲವನ್ನು ತಿಳಿಸುವುದು.

ಹೀಗೆ ಉರುವಲಿನಲ್ಲಿ ಉಳಿತಾಯವಾದರೆ ಚಿಪ್ಪು, ಗರಿಗಳೇ ಒಲೆಗೆ ಸಾಕಾಗಿ, ಮಟ್ಟೆಯು ಮರಕ್ಕೆ ಉಳಿಯುವುದು.