ಒಂಟಿ ಮಹಿಳೆಯ ಪ್ರಯಾಣ: ಎಲ್ಲಾ ಗಂಡಸರನ್ನು ದೂರುವುದು ನ್ಯಾಯವೇ?

ಬಸ್ಸಿನಲ್ಲೋ ರೈಲಿನಲ್ಲೋ ಒಬ್ಬಳೇ ಪ್ರಯಾಣಿಸುತ್ತಿದ್ದ ಮಹಿಳೆಯ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲಾ ಎರಡು ಮಾತುಗಳು ಕೇಳಿಬರುತ್ತವೆ. 'ಗಂಡಸರನ್ನು ನಂಬಲೇಬಾರದು' ಎಂಬುದು ಒಂದು. 'ಎಲ್ಲರೂ ಹಾಗಿಲ್ಲ, ನಮ್ಮನ್ನೇಕೆ ಸೇರಿಸುತ್ತೀರಿ' ಎಂಬುದು ಇನ್ನೊಂದು. ಇವೆರಡರಲ್ಲಿ ಎಷ್ಟು ಸತ್ಯವಿದೆ?

2011ರ ಫೆಬ್ರವರಿ 1ರಂದು ನೆರೆಯ ಕೇರಳದ ಎರ್ನಾಕುಲಂ-ಶೋರನೂರು ಪ್ಯಾಸೆಂಜರ್ ರೈಲಿನ ಮಹಿಳಾ ಬೋಗಿಯಲ್ಲಿ ಒಂಟಿಯಾಗಿದ್ದ 23 ವರ್ಷದ ಯುವತಿಯ ಮೇಲೆ ದಾಳಿ ನಡೆಯಿತು. ಕೆಲವೇ ದಿನಗಳಲ್ಲಿ ಆಕೆ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ಪಕ್ಕದ ಬೋಗಿಯಲ್ಲಿದ್ದ ಇಬ್ಬರಿಗೆ ಆಕೆಯ ಕೂಗು ಕೇಳಿಸಿತ್ತು. ಅವರು ಸರಪಳಿ ಎಳೆಯಲು ಮುಂದಾದರು. ಆದರೆ ಬಾಗಿಲ ಬಳಿಯಿದ್ದ ಮಧ್ಯವಯಸ್ಕನೊಬ್ಬ, ಹುಡುಗಿ ಹಾರಿಕೊಂಡಿದ್ದಾಳೆ, ಬದುಕಿದ್ದಾಳೆ, ವಿಷಯ ಬೆಳೆಸಿದರೆ ನಾವೆಲ್ಲಾ ಕೋರ್ಟಿಗೆ ಅಲೆಯಬೇಕಾದೀತು ಎಂದು ತಡೆದ. ಈ ಸಾಕ್ಷ್ಯ ಸುಪ್ರೀಂ ಕೋರ್ಟಿನ 2016ರ ತೀರ್ಪಿನಲ್ಲಿ ದಾಖಲಾಗಿದೆ.

ಆ ರೈಲಿನಲ್ಲಿ ದಾಳಿ ಮಾಡಿದವನು ಒಬ್ಬನೇ. ಆದ್ದರಿಂದ ಎಲ್ಲಾ ಗಂಡಸರೂ ಅಪರಾಧಿಗಳು ಎನ್ನುವುದು ಸುಳ್ಳು. ಆದರೆ ಉಳಿದವರಿಗೆ ಸಂಬಂಧವೇ ಇಲ್ಲ ಎನ್ನುವುದೂ ಸುಳ್ಳು. ಸರಪಳಿ ಎಳೆಯಬಹುದಾಗಿದ್ದ ಕೈಗಳು ಅಲ್ಲಿದ್ದವು.

ಎಚ್ಚರ ಬೇರೆ, ತೀರ್ಪು ಬೇರೆ. ರಾತ್ರಿ ಪಕ್ಕದ ಸೀಟಿಗೆ ಬಂದ ಅಪರಿಚಿತನಿಂದ ಮಹಿಳೆ ದೂರ ಸರಿದು ಕುಳಿತರೆ ಆಕೆ ಅವನನ್ನು ಕೆಟ್ಟವನೆಂದು ಕರೆದಂತಲ್ಲ. ಅವನ ಮನಸ್ಸು ಆಕೆಗೆ ಕಾಣದು. ತಪ್ಪಿ ನಂಬಿದರೆ ತೆರಬೇಕಾದ ಬೆಲೆ ಮಾತ್ರ ಗೊತ್ತು. ಸಜ್ಜನನಿಗೆ ಇದರಿಂದ ಆಗುವ ನಷ್ಟ ತುಸು ಮುಜುಗರ, ಅಷ್ಟೆ.

ಆದರೂ 'ಗಂಡಸರೇ ಹಾಗೆ' ಎಂಬ ಮಾತಿನಲ್ಲಿ ಅಪಾಯವಿದೆ. ಅದು ಸ್ವಭಾವವೆಂದಾದರೆ ತಪ್ಪಿತಸ್ಥನಿಗೆ ನೆಪ ಸಿಕ್ಕಂತೆ, ಮಗನನ್ನು ತಿದ್ದುವ ತಂದೆತಾಯಿಗೆ ಕೆಲಸವೇ ಇಲ್ಲದಂತೆ. ಜೊತೆಗೆ ನಮ್ಮ ಭಯವೆಲ್ಲಾ ಅಪರಿಚಿತರ ಕಡೆಗೇ ಹೊರಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ. ಮಗಳಿಗೆ 'ಒಬ್ಬಳೇ ಹೋಗಬೇಡ' ಎಂದು ಹೇಳಿ ಮನೆಯ ಒಳಗಿನದಕ್ಕೆ ಕಣ್ಣು ಮುಚ್ಚಿದರೆ ಆಕೆಗೆ ಸಿಕ್ಕ ರಕ್ಷಣೆ ಯಾವುದು?

ದಾನಿಯೇಲನ ಗ್ರಂಥದ 13ನೇ ಅಧ್ಯಾಯದ ಸುಸನ್ನಳನ್ನು ನೆನೆಯೋಣ. ಆಕೆ ಒಂಟಿಯಾಗಿದ್ದುದು ತನ್ನದೇ ತೋಟದಲ್ಲಿ. ಆಕೆಯನ್ನು ಕಾಡಿದವರು ಮನೆಗೆ ಬಂದು ಹೋಗುತ್ತಿದ್ದ ಗೌರವಸ್ಥ ಹಿರಿಯರಿಬ್ಬರು. ಸಭೆ ಹಿರಿಯರ ಮಾತನ್ನೇ ನಂಬಿ ಆಕೆಗೆ ಮರಣದಂಡನೆ ವಿಧಿಸಿತು. ಕೊನೆಗೆ ಎದ್ದುನಿಂತು ಪ್ರಶ್ನಿಸಿದವನೂ ಒಬ್ಬ ಯುವಕನೇ. ದಾನಿಯೇಲನು 'ನಾನು ಅಂಥವನಲ್ಲ' ಎಂದು ತನ್ನ ಮಾನ ಕಾಯಲು ಹೋಗಲಿಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿ ಸುಳ್ಳನ್ನು ಬಯಲಿಗೆಳೆದ.

ನಮ್ಮ ಧರ್ಮಕೇಂದ್ರಗಳಲ್ಲಿ ಮಾಡಬಹುದಾದ ಕೆಲಸಗಳಿವೆ. ಸಂಜೆಯ ಸಭೆಗಳನ್ನು ಕೊನೆಯ ಬಸ್ಸಿಗೆ ಮುಂಚೆ ಮುಗಿಸೋಣ. ಚರ್ಚ್ ಬಳಿಯ ಬಸ್ ನಿಲ್ದಾಣದಲ್ಲಿ ದೀಪ ಉರಿಯುತ್ತಿದೆಯೇ ಎಂದು ಗುರಿಕಾರರು ಗಮನಿಸಲಿ. 112 ಹಾಗೂ ರೈಲ್ವೆಯ 139 ಸಂಖ್ಯೆಗಳು ಯುವತಿಯರಿಗಷ್ಟೇ ಅಲ್ಲ, ಯುವಕರಿಗೂ ತಿಳಿದಿರಲಿ. ಬಸ್ಸಿನಲ್ಲಿ ಯಾರಾದರೂ ಹೆಣ್ಣುಮಗಳಿಗೆ ಕಿರುಕುಳ ಕೊಟ್ಟರೆ ಕಂಡಕ್ಟರನ್ನು ಕರೆಯುವ ಮೊದಲ ದನಿ ನಮ್ಮ ಯುವಕರದ್ದಾಗಲಿ. 'ಎಲ್ಲರೂ ಹಾಗಿಲ್ಲ' ಎಂಬ ಮಾತಿಗೆ ಆಗ ತೂಕ ಬರುತ್ತದೆ.