ಬೇಡ ಅನ್ನೋದನ್ನ ಬರೆದು ಕೊಡಿ, ಸಾಹೇಬರೇ!



ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಊರು ಬೀದರ್ ಜಿಲ್ಲೆಯ ನಿರ್ಣಾ. ಮೊದಲು ಹುಮನಾಬಾದ್ ತಾಲ್ಲೂಕು, ಈಗ ಚಿಟಗುಪ್ಪ. ನಾನು ಅಚ್ಚು ಹಾಕಿದ ಪ್ರತಿ ಕರಪತ್ರದ ತಳದಲ್ಲಿ ನನ್ನ ಪ್ರೆಸ್ಸಿನ ಹೆಸರಿರುತ್ತದೆ. ಅದರಲ್ಲಿ ಏನಾದರೂ ಎಡವಟ್ಟಾದರೆ ಪೊಲೀಸರು ನೇರ ನನ್ನ ಬಾಗಿಲಿಗೇ ಬರುತ್ತಾರೆ. ಬರಲಿ! ಅಚ್ಚು ಹಾಕಿದವನು ಜವಾಬು ಕೊಡಲೇಬೇಕು.

ಆದರೆ ನನ್ನದೊಂದು ಪ್ರಶ್ನೆ. ಕನ್ನಡದ ಹಬ್ಬಕ್ಕೆ "ಬೇಡ" ಅನ್ನುವ ಅಧಿಕಾರಿಯ ಹೆಸರು ಯಾವ ಕಾಗದದ ತಳದಲ್ಲಿದೆ?

ಕೆಲವು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವಕ್ಕೆ ಇನ್ನೊಂದು ವಾರವಿತ್ತು. ನಮ್ಮ ಭಾಗದ ಹುಡುಗರು ಬಯಲಿನಲ್ಲಿ ಪೆಂಡಾಲ್ ಹಾಕಿ ಮೆರವಣಿಗೆ, ಕೋಲಾಟ, ಹಾಡು ಎಂದು ಸಜ್ಜಾಗಿದ್ದರು. ಸಾವಿರ ಕರಪತ್ರ ಅಚ್ಚು ಹಾಕಿ ಕಟ್ಟು ಕಟ್ಟಿಟ್ಟಿದ್ದೆ. ಸಂಜೆ ಒಬ್ಬ ಹುಡುಗ ಮುಖ ಸಣ್ಣ ಮಾಡಿಕೊಂಡು ಬಂದ.

"ಕಾಕಾ, ಪ್ರೋಗ್ರಾಂ ಕ್ಯಾನ್ಸಲ್ ಆಗ್ಯಾದ. ಸಾಹೇಬ್ರು ಬ್ಯಾಡ ಅಂದಾರ."

"ಬರದು ಕೊಟ್ಟಾರೇನೋ?"

"ಇಲ್ಲ ಕಾಕಾ, ಬಾಯ್ಲೇ ಅಂದಾರ."

"ನೀವು ಕೊಟ್ಟ ಅರ್ಜೀಗೆ ಸಿಕ್ಕಾ ಹೊಡದಾರೇನು?"

"ಅದೂ ಇಲ್ಲ. ಟೇಬಲ್ ಮ್ಯಾಲ ಇಟ್ಟು ಹೋಗ್ರಿ ಅಂದಿದ್ರು."

ಆ ಸಾವಿರ ಕರಪತ್ರ ರದ್ದಿಗೆ ಹೋಯಿತು. ಹುಡುಗರ ದುಡ್ಡು ಹೋಯಿತು. ದುಡ್ಡಿಗಿಂತ ಹೆಚ್ಚಾಗಿ ಹುಮ್ಮಸ್ಸು ಹೋಯಿತು. ಮರುವರ್ಷ ಯಾರೂ ಅರ್ಜಿ ಹಿಡಿದು ಹೋಗಲಿಲ್ಲ. ಗಡಿಯಲ್ಲಿ ಕನ್ನಡ ಸೋಲುವುದು ಹೀಗೆ ಸ್ವಾಮಿ! ಲಾಠಿ ಬೇಕಿಲ್ಲ. ಒಂದು "ಬ್ಯಾಡ" ಸಾಕು.

ನಿಜಾಮ ಹೋದ, ಗಸ್ತಿ ಉಳಿಯಿತೇ?

ನಮ್ಮ ಬೀದರ್ ಸೀಮೆಗೆ ಈ ಕಾಯಿಲೆ ಹೊಸದಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ 1920ರ ದಶಕದಲ್ಲಿ "ಗಸ್ತಿ ನಿಶಾನ್ 53" ಎಂಬ ಸುತ್ತೋಲೆ ಬಂತು. ಮುಂಚಿತವಾಗಿ ಪರವಾನಗಿ ಪಡೆಯದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಕನ್ನಡಿಗರ ಪರಿಷತ್ತು, ತೆಲುಗರ ಮಹಾಸಭೆ, ಮರಾಠಿಗರ ಪರಿಷತ್ತು ಎಲ್ಲವೂ ಸರ್ಕಾರದ ಮರ್ಜಿ ಕಾಯಬೇಕಿತ್ತು. 1948ರ ಸೆಪ್ಟೆಂಬರ್ 17ಕ್ಕೆ ಆ ರಾಜ್ಯಭಾರ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಕನ್ನಡನಾಡಿಗೆ ಸೇರಿದೆವು. ಆ ನವೆಂಬರ್ 1ನ್ನು ಆಚರಿಸಲು ನಮ್ಮ ಮಕ್ಕಳು ಈಗ ಯಾರದೋ ಮರ್ಜಿ ಕಾಯಬೇಕೇ? ನಿಜಾಮನ ಸುತ್ತೋಲೆಗೆ ಒಂದು ನಂಬರಾದರೂ ಇತ್ತು. ಇವರ "ಬ್ಯಾಡ"ಕ್ಕೆ ಅದೂ ಇಲ್ಲ!

ಬೆಂಗಳೂರಿನ ಮಿತ್ರರೇ, ಇದು ಹಳ್ಳಿಯವರ ಗೋಳು ಎಂದು ಪುಟ ತಿರುವಬೇಡಿ. 2021ರ ಆದೇಶ ಬಂದ ಮೇಲೆ ನಿಮ್ಮ ಊರಿನಲ್ಲಿ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕ್ ಒಂದೇ. ಅದು ಹಿಂದೆ ಸೆಂಟ್ರಲ್ ಜೈಲು ಇದ್ದ ಜಾಗ. ಕನ್ನಡಕ್ಕಾಗಿ ಕೂಗಬೇಕಾದರೆ ಜೈಲಿನ ಕಾಂಪೌಂಡಿನೊಳಗೆ ಹೋಗಿ ಕೂಗಿ ಎಂಬ ವ್ಯವಸ್ಥೆ! 2025ರ ಅಕ್ಟೋಬರ್ 18ರಂದು ಸರ್ಕಾರ ಇನ್ನೊಂದು ಆದೇಶ ಹೊರಡಿಸಿತು. ಸರ್ಕಾರಿ ಜಾಗದಲ್ಲಿ ಅನುಮತಿಯಿಲ್ಲದೆ ಹತ್ತಕ್ಕಿಂತ ಹೆಚ್ಚು ಜನ ಸೇರಿದರೆ ಅದು ಅಕ್ರಮ ಕೂಟವಂತೆ. ಹತ್ತು ಜನ ಅಂದರೆ ನಮ್ಮೂರ ಕಟ್ಟೆಯ ಮೇಲೆ ಚಹಾ ಕುಡಿಯುವ ಗುಂಪು! ಅಕ್ಟೋಬರ್ 28ಕ್ಕೆ ಧಾರವಾಡ ಹೈಕೋರ್ಟ್ ಪೀಠ ಅದಕ್ಕೆ ತಡೆ ಕೊಟ್ಟಿತು.

ಹನ್ನೊಂದು ಹೆಣಗಳ ಮುಂದೆ

ಹಾಗಾದರೆ ಅನುಮತಿಯೇ ಬೇಡವೇ? ಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಮುಂದೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಕ್ರಿಕೆಟ್ ಗೆದ್ದ ಖುಷಿಗೆ ಹೋದವರು ಹೆಣವಾಗಿ ಬಂದರು. ಅದನ್ನು ಮರೆತು ಮಾತಾಡುವವನು ಮನುಷ್ಯನಲ್ಲ. ಆದರೆ ಅಲ್ಲಿ ಆದದ್ದೇನು? ಸಂಘಟಕರು ನಿಯಮದಂತೆ ಅನುಮತಿ ಕೇಳಲಿಲ್ಲ, ಬರೀ ವಿಷಯ ತಿಳಿಸಿದರು ಎಂದು ಸರ್ಕಾರವೇ ಹೈಕೋರ್ಟಿಗೆ ಹೇಳಿತು. ಅದೇ ದಿನ ಅದೇ ಸರ್ಕಾರ ವಿಧಾನಸೌಧದ ಮೆಟ್ಟಿಲ ಮೇಲೆ ಅದೇ ತಂಡಕ್ಕೆ ಸನ್ಮಾನ ಮಾಡಿತ್ತು! ಕೋಟಿ ಕುಳಗಳಿಗೆ ಕೆಂಪು ಹಾಸು, ಕೋಲಾಟದ ಹುಡುಗರಿಗೆ "ಬ್ಯಾಡ". ಇದು ಯಾವ ಸೀಮೆಯ ನ್ಯಾಯ?

ಆಮೇಲೆ ಬಂತು ಜನಸಂದಣಿ ನಿಯಂತ್ರಣ ಮಸೂದೆ. 2025ರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಮಂಡಿಸಿದ ಆ ಮಸೂದೆಯಲ್ಲಿ ಹತ್ತು ದಿನ ಮೊದಲೇ ಅರ್ಜಿ ಹಾಕಬೇಕು ಎಂದಿತ್ತು. 7,000ಕ್ಕಿಂತ ಕಡಿಮೆ ಜನರಿದ್ದರೆ ಠಾಣೆಯ ಅಧಿಕಾರಿ, 50,000ದವರೆಗೆ ಡಿವೈಎಸ್‌ಪಿ, ಅದಕ್ಕೂ ಮೇಲಿದ್ದರೆ ಎಸ್‌ಪಿ ಅಥವಾ ಕಮಿಷನರ್. ಮಸೂದೆ ಸದನ ಸಮಿತಿಗೆ ಹೋಯಿತು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಮ್ಮ ಹಳ್ಳಿಯ ಯಾವ ರಾಜ್ಯೋತ್ಸವಕ್ಕೆ 7,000 ಜನ ಸೇರುತ್ತಾರೆ? ಅಂದರೆ ಗಡಿನಾಡಿನ ಇಡೀ ಕನ್ನಡದ ಹಬ್ಬ ಒಂದು ಠಾಣೆಯ ಒಂದು ಟೇಬಲ್ಲಿನ ಮೇಲೆ ನಿಂತಿದೆ. ಆ ಟೇಬಲ್ಲಿನ ಮೇಲಿಟ್ಟ ಅರ್ಜಿಗೆ ಸಿಕ್ಕಾ ಬೀಳದಿದ್ದರೆ ಹತ್ತು ದಿನವೇನು, ನೂರು ದಿನ ಮೊದಲು ಹೋದರೂ ಅಷ್ಟೇ!

ಬರೆದರೆ ಏನಾಗುತ್ತದೆ?

ಬರೆದರೆ ಪ್ರಶ್ನಿಸಬಹುದು. ಅದಕ್ಕೇ ಇವರು ಬರೆಯುವುದಿಲ್ಲ! ಪಕ್ಕದ ಕಲಬುರಗಿ ಜಿಲ್ಲೆಯನ್ನು ನೋಡಿ. 2025ರ ಅಕ್ಟೋಬರ್‌ನಲ್ಲಿ ಚಿತ್ತಾಪುರದ ಆರ್‌ಎಸ್‌ಎಸ್ ಪಥಸಂಚಲನಕ್ಕೆ ತಹಸೀಲ್ದಾರರು ಆದೇಶ ಹೊರಡಿಸಿ ಅನುಮತಿ ನಿರಾಕರಿಸಿದರು. ಅವರು ಆ ಕಾಗದ ಹಿಡಿದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋದರು. ನವೆಂಬರ್ 16ಕ್ಕೆ ಪಥಸಂಚಲನ ನಡೆಯಿತು. ಅವರ ಸಿದ್ಧಾಂತ ನಿಮಗೆ ಬೇಕೋ ಬೇಡವೋ, ಅದು ಬೇರೆ ಮಾತು. ಅವರ ಕೈಯಲ್ಲಿ ಒಂದು ಕಾಗದವಿತ್ತು. ನಮ್ಮ ಹುಡುಗರ ಕೈಯಲ್ಲಿ ಏನಿತ್ತು?

ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು: ಬೀದಿಯ ಸಭೆಗೆ ಸರ್ಕಾರ ಕಟ್ಟಳೆ ಹಾಕಬಹುದು, ಆದರೆ ಯಾವ ಮಾರ್ಗಸೂಚಿಯೂ ಇಲ್ಲದೆ ಒಬ್ಬ ಅಧಿಕಾರಿಯ ಇಷ್ಟಕ್ಕೆ ಬಿಡುವಂತಿಲ್ಲ. ಕಾನೂನು ನಮ್ಮ ಕಡೆಗಿದೆ. ಕಾಗದ ಮಾತ್ರ ಇಲ್ಲ.

ನಮ್ಮ ಬೇಡಿಕೆ ನಾಲ್ಕೇ ನಾಲ್ಕು.

1. ಅರ್ಜಿ ಕನ್ನಡದಲ್ಲಿರಲಿ, ಕೊಟ್ಟ ಕ್ಷಣವೇ ಸಿಕ್ಕಾ ಹೊಡೆದ ಸ್ವೀಕೃತಿ ಸಿಗಲಿ.

2. ಪಂಚಾಯಿತಿ, ಪೊಲೀಸ್, ಜೆಸ್ಕಾಂ ಎಂದು ಮೂರು ಬಾಗಿಲು ಅಲೆಸದೆ ಒಂದೇ ಕಿಟಕಿಯಲ್ಲಿ ಕೆಲಸ ಮುಗಿಯಲಿ.

3. ನಿರಾಕರಿಸುವುದಾದರೆ ಕಾರಣವನ್ನು ಕನ್ನಡದಲ್ಲಿ ಬರೆದು, ಹೆಸರು ಹಾಕಿ, ಸಹಿ ಮಾಡಿ ಕೊಡಲಿ.

4. ಗಡುವಿನೊಳಗೆ ಉತ್ತರ ಬಾರದಿದ್ದರೆ ಸಣ್ಣ ಸಭೆಗಳಿಗೆ ಅನುಮತಿ ಸಿಕ್ಕಂತೆ ಎಂದು ಕಾನೂನಿನಲ್ಲೇ ಬರೆಯಲಿ.

ನಮ್ಮ ಕೈಯೂ ಪೂರ್ತಿ ಶುದ್ಧವಿಲ್ಲ, ಒಪ್ಪೋಣ. ಹಿಂದಿನ ದಿನ ಅರ್ಜಿ ಕೊಟ್ಟು ಮಾರನೇ ದಿನ ರಸ್ತೆ ಬಂದ್ ಮಾಡುವವರು ನಮ್ಮಲ್ಲೂ ಇದ್ದಾರೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ಮೇಲೆ ಬಯಲಿನಲ್ಲಿ ಹಾಕುವಂತಿಲ್ಲ ಎಂದು 2000ದ ನಿಯಮ ಹೇಳುತ್ತದೆ. ನಡುರಾತ್ರಿ ಡಿಜೆ ಹಾಕಿ ಬಾಣಂತಿ, ಮುದುಕರ ನಿದ್ದೆ ಕೆಡಿಸುವುದು ಕನ್ನಡಾಭಿಮಾನವಲ್ಲ. ಹಾಗೆ ಮಾಡುವವನೇ ಸಾಹೇಬರ "ಬ್ಯಾಡ"ಕ್ಕೆ ನೆಪ ಒದಗಿಸುತ್ತಾನೆ.

ಆದ್ದರಿಂದ ತರುಣರೇ, ಮುಂದಿನ ಸಲ ಎರಡು ಪ್ರತಿ ಅರ್ಜಿ ಒಯ್ಯಿರಿ. ಒಂದಕ್ಕೆ ಸಿಕ್ಕಾ ಬೀಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಬಾಯಿಮಾತಿನಲ್ಲಿ ಬೇಡ ಅಂದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿ: ನನ್ನ ಅರ್ಜಿ ಯಾರ ಟೇಬಲ್ಲಿಗೆ ಹೋಯಿತು, ಯಾರು ಏನು ಬರೆದರು? 30 ದಿನದಲ್ಲಿ ಉತ್ತರ ಕೊಡಲೇಬೇಕು. ಆ ವರ್ಷದ ಹಬ್ಬ ತಪ್ಪಬಹುದು. ಮುಂದಿನ ವರ್ಷದ್ದು ತಪ್ಪುವುದಿಲ್ಲ.

ಬಸವಣ್ಣನವರ ಕಲ್ಯಾಣ ನಮ್ಮ ನೆರೆಯಲ್ಲೇ ಇದೆ. ಕಾಯಕದ ಜನ ಒಟ್ಟಿಗೆ ಕೂತು ಬಾಯಿ ಬಿಟ್ಟು ಮಾತಾಡಿದ ನೆಲ ಇದು. ಈ ನೆಲದಲ್ಲಿ ಕನ್ನಡದ ಸಭೆಗೆ ಬೀಗ ಹಾಕುವವನು ಕನಿಷ್ಠ ಬೀಗದ ಮೇಲೆ ತನ್ನ ಹೆಸರಾದರೂ ಬರೆಯಲಿ.

ನಾನು ಕರಪತ್ರಕ್ಕೆ ಹೆಸರು ಹಾಕುತ್ತೇನೆ. ನೀವು ನಿಮ್ಮ "ಬೇಡ"ಕ್ಕೆ ಹೆಸರು ಹಾಕಿ, ಸಾಹೇಬರೇ!

ಸಿರಿಗನ್ನಡಂ ಗೆಲ್ಗೆ!