ಯಾವ ಬರ್ಮಿಂಗ್‌ಹ್ಯಾಮು?

ಇಂಗ್ಲೆಂಡಿನ ಊರುಗಳಿಗೆ ಅಮೆರಿಕದಲ್ಲಿ ಜೋಡಿ ಹುಡುಕೋ ಆಟವನ್ನ ನೀವೂ ಆಡಿರ್ತೀರ. ಲಂಡನ್ನಿಗೆ ನ್ಯೂಯಾರ್ಕು, ಮ್ಯಾಂಚೆಸ್ಟರಿಗೆ ಶಿಕಾಗೋ, ಲಿವರ್‌ಪೂಲಿಗೆ ಬಾಲ್ಟಿಮೋರು... ಜಾತಕ ಕೂಡಿಸಿದ ಹಾಗೆ. ಹೆಸರು ಒಂದೇ ಇದ್ದುಬಿಟ್ರೆ ಇನ್ನೂ ಫಜೀತಿ. 2008ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ಲು ಕಸ ವಿಂಗಡಿಸಿದ ಜನಕ್ಕೆ ಥ್ಯಾಂಕ್ಸ್ ಹೇಳೋಕೆ 7,20,000 ಕರಪತ್ರ ಅಚ್ಚು ಹಾಕಿಸ್ತು. ಮೇಲೆ ಹಾಕಿದ್ದ ಊರಿನ ಫೋಟೋ ಮಾತ್ರ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನದು!

ನಗೋದು ಬಿಡಿ, ಹೋಲಿಸೋದಾದ್ರೆ ಇವೆರಡನ್ನೇ ಹೋಲಿಸಬೇಕು ಅನ್ನೋದು ನನ್ನ ವಾದ.

ಅಲಬಾಮಾದ ಊರು ಹುಟ್ಟಿದ್ದು 1871ರಲ್ಲಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಅಕ್ಕಪಕ್ಕದಲ್ಲೇ ಸಿಕ್ಕಿದ್ದರಿಂದ ಇಂಗ್ಲೆಂಡಿನ ಕೈಗಾರಿಕಾ ನಗರದ ಹೆಸರನ್ನೇ ಎತ್ತಿಕೊಂಡ್ರು. ಆದ್ರೆ ಕಸುಬು ಒಂದೇ ಥರದ್ದಲ್ಲ. ಇಂಗ್ಲೆಂಡಿನದು ಗುಂಡಿ, ಪೆನ್ನಿನ ನಿಬ್ಬು, ಬಂದೂಕು, ಒಡವೆ ಅಂತ ನೂರಾರು ಸಣ್ಣ ವರ್ಕ್‌ಶಾಪುಗಳ ಊರು. ಅಲಬಾಮಾದ್ದು ದೊಡ್ಡ ಕುಲುಮೆಗಳ ಊರು. ಅಲ್ಲಿ ರೆಡ್ ಮೌಂಟನ್ ಅನ್ನೋ ಗುಡ್ಡದ ಮೇಲೆ 56 ಅಡಿ ಎತ್ತರದ ಎರಕದ ಕಬ್ಬಿಣದ ವಲ್ಕನ್ ನಿಂತಿದ್ದಾನೆ. ರೋಮನ್ನರ ಅಗ್ನಿದೇವ, ಕಮ್ಮಾರ. 1904ರ ಸೇಂಟ್ ಲೂಯಿಸ್ ಪ್ರದರ್ಶನಕ್ಕೆ ಅಂತ ಮಾಡಿಸಿದ್ದು. ಮುಂದೆ ಏಪ್ರನ್ ಇದೆ, ಹಿಂದೆ ಏನೂ ಇಲ್ಲ! ಆ ಬರಿ ಹಿಂಭಾಗ ತಿರುಗಿರೋದು ಗುಡ್ಡದಾಚೆಯ ಬಡಾವಣೆಗಳ ಕಡೆಗೆ.

ವಿಷಯ ಇರೋದೂ ಆ ಗುಡ್ಡದಾಚೆಗೇ. 1963ರ ಸೆಪ್ಟೆಂಬರ್ 15ರಂದು ಗುಡ್ಡದೀಚೆಯ ನಗರದ ಚರ್ಚೊಂದರಲ್ಲಿ ಬಾಂಬಿಟ್ಟು ನಾಲ್ಕು ಕಪ್ಪು ಹುಡುಗಿಯರನ್ನ ಕೊಂದರು. ಮುಂದೆ ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳು ಒಟ್ಟಿಗೆ ಕೂರೋ ಕಾಲ ಬಂದಾಗ ಬಿಳಿಯರು ಗುಡ್ಡ ದಾಟಿದ್ರು. ಬರೀ ಮನೆ ಬದಲಾಯಿಸಿದ್ದಲ್ಲ. ಅಲ್ಲಿನ ಮೌಂಟನ್ ಬ್ರೂಕ್, ವೆಸ್ಟೇವಿಯಾ ಹಿಲ್ಸ್ ಎಲ್ಲಾ ಕಾನೂನಿನ ಪ್ರಕಾರ ಬೇರೆಯೇ ಊರುಗಳು. ತೆರಿಗೆ ಬೇರೆ, ಶಾಲೆ ಬೇರೆ, ಪೊಲೀಸೂ ಬೇರೆ. ನಗರದ ಜನಸಂಖ್ಯೆ 1960ರಲ್ಲಿ ಸುಮಾರು 3,40,000 ಇದ್ದದ್ದು 2020ಕ್ಕೆ 2,00,733ಕ್ಕೆ ಇಳೀತು.

ಇಂಗ್ಲೆಂಡಿನವರೇನು ಸಾಚಾಗಳಲ್ಲ. ಬರ್ಮಿಂಗ್‌ಹ್ಯಾಮಿಗೆ ಅಂಟಿಕೊಂಡಿರೋ ಸ್ಮೆದಿಕ್‌ನಲ್ಲಿ, ಬೀದಿಯೊಂದರ ಮನೆಗಳನ್ನ ಕೌನ್ಸಿಲ್ಲೇ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕು ಅಂತ ಹುನ್ನಾರ ನಡೆದಿತ್ತು. ಅಲ್ಲಿನ ಭಾರತೀಯ ಕಾರ್ಮಿಕರ ಸಂಘ ಕರೆದದ್ದಕ್ಕೆ ಮಾಲ್ಕಮ್ ಎಕ್ಸ್ 1965ರ ಫೆಬ್ರವರಿಯಲ್ಲಿ ಆ ಬೀದಿಯಲ್ಲಿ ನಡೆದು ಹೋದ. ಅದಾಗಿ ಒಂಬತ್ತೇ ದಿನಕ್ಕೆ ನ್ಯೂಯಾರ್ಕಿನಲ್ಲಿ ಅವನ ಕೊಲೆಯಾಯ್ತು. ಮನಸ್ಸಿನ ಕೊಳೆಯಲ್ಲಿ ಎರಡೂ ಊರು ಜೋಡಿಯೇ. ಬೇರೆಯಾಗಿರೋದು ಎಲ್ಲೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಶ್ರೀಮಂತ ಮೂಲೆ ಸಟನ್ ಕೋಲ್ಡ್‌ಫೀಲ್ಡ್ 1974ರಿಂದ ನಗರದ ಒಳಗೇ ಇದೆ. ಬಡವರ ಬೀದಿಗೂ ಅದಕ್ಕೂ ಒಂದೇ ಖಜಾನೆ.

ಆ ಖಜಾನೆ 2023ರಲ್ಲಿ ಬರಿದಾಯ್ತು ನಿಜ. ಕಸ ಎತ್ತೋ ಗಂಡಸರಿಗೆ ಬೋನಸ್ ಕೊಟ್ಟು, ಅಷ್ಟೇ ತೂಕದ ಕೆಲಸ ಮಾಡೋ ಅಡುಗೆ, ಕ್ಲೀನಿಂಗ್ ಹೆಂಗಸರಿಗೆ ವರ್ಷಗಟ್ಟಲೆ ಕೊಡದೇ ಇದ್ದದ್ದರ ಬಾಕಿ ಒಂದು ಕಡೆ, ಕೈಕೊಟ್ಟ ಲೆಕ್ಕಪತ್ರದ ಸಾಫ್ಟ್‌ವೇರು ಇನ್ನೊಂದು ಕಡೆ. (ಹೆಂಗಸರ ಕೂಲಿ ಉಳಿಸಿ ಸಂಸಾರ ತೂಗಿಸ್ತೀವಿ ಅಂದುಕೊಂಡವರಿಗೆ ಇದು ಆಗಬೇಕಾದ್ದೇ ಅಂತ ನನಗನ್ಸತ್ತೆ.) 2024ರಲ್ಲಿ ಕೌನ್ಸಿಲ್ ತೆರಿಗೆ ಹತ್ತಿರ ಹತ್ತಿರ ಶೇ. 10 ಏರಿದಾಗ ಸಟನ್‌ನವರೂ ಗೊಣಗಿಕೊಂಡೇ ಕಟ್ಟಬೇಕಾಯ್ತು.

ದಿವಾಳಿಯಲ್ಲೂ ಅಲಬಾಮಾ ಹಿಂದೆ ಬಿದ್ದಿಲ್ಲ. ಬರ್ಮಿಂಗ್‌ಹ್ಯಾಮ್ ಇರೋ ಜೆಫರ್ಸನ್ ಕೌಂಟಿ ಒಳಚರಂಡಿ ಕಟ್ಟೋಕೆ ಮಾಡಿದ ಸಾಲದಿಂದ 2011ರಲ್ಲಿ 400 ಕೋಟಿ ಡಾಲರಿಗೂ ಮಿಕ್ಕಿ ಮುಳುಗ್ತು. ಆವತ್ತಿಗೆ ಅಮೆರಿಕದ ಸ್ಥಳೀಯ ಸರ್ಕಾರಗಳಲ್ಲೇ ದೊಡ್ಡ ದಿವಾಳಿ ಅದು. ಗುಡ್ಡದ ಆಚೆ ಈಚೆ ಶಾಲೆ ಬೇರೆ ಬೇರೆ, ಚರಂಡಿ ಸಾಲ ಮಾತ್ರ ಒಂದೇ!

ನನಗೆ ಇಂಗ್ಲೆಂಡಿನ ರೀತಿಯೇ ವಾಸಿ. ಸಾಲ ಮಾತ್ರ ಹಂಚಿಕೊಂಡು ಶಾಲೆ ಹಂಚಿಕೊಳ್ಳದವರನ್ನ ಒಂದೇ ಊರಿನವರು ಅನ್ನೋದು ಹೇಗೆ? ಆದ್ರೆ ಸಟನ್‌ನವರು ಜನಮತ ತಗೊಂಡು 2016ರಲ್ಲಿ ತಮ್ಮದೇ ಪಟ್ಟಣ ಕೌನ್ಸಿಲ್ ಮಾಡಿಕೊಂಡಿದ್ದಾರೆ. ಸದ್ಯಕ್ಕೆ ಅದರ ಕೈಯಲ್ಲಿರೋದು ಸಣ್ಣಪುಟ್ಟ ಅಧಿಕಾರ. ಬರ್ಮಿಂಗ್‌ಹ್ಯಾಮಿನಿಂದ ಪೂರ್ತಿ ಬೇರೆಯಾಗೋಣ ಅನ್ನೋರೂ ಅಲ್ಲಿದ್ದಾರೆ.